ಪುಣೆಯ ಹವ್ಯಾಸಿ ಎಲೆಕ್ಟ್ರಾನಿಕ್ಸ್: ತಪಕೀರ್ ಗಲ್ಲಿ, ಗಣಪತಿಯ ದೀಪ, ಪಾಬಳದ ಕಾರ್ಯಾಗಾರ

ಪುಣೆಯ ಬುಧವಾರ ಪೇಠೆಯಲ್ಲಿ, ದಗಡೂಶೇಟ್ ಹಲವಾಯಿ ಗಣಪತಿಯ ಗುಡಿಗೆ ಹತ್ತಿರದಲ್ಲೇ ತಪಕೀರ್ ಗಲ್ಲಿ ಇದೆ. ತಪಕೀರ್ ಎಂದರೆ ಮರಾಠಿಯಲ್ಲಿ ನಶ್ಯ. ಧಾರವಾಡ, ಬೆಳಗಾವಿ ಕಡೆಯವರಿಗೂ ಈ ಮಾತು ಹೊಸದಲ್ಲ. ಹೆಸರು ನಶ್ಯದ್ದಾದರೂ ಅಲ್ಲಿನ ವ್ಯಾಪಾರ ವೈರು, ಸ್ವಿಚ್ಚು, ದೀಪದ ಸರ, ರೆಸಿಸ್ಟರು, ಐಸಿಗಳದ್ದು. ಬೆಂಗಳೂರಿಗೆ ಎಸ್.ಪಿ. ರೋಡ್, ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್ ಇದ್ದ ಹಾಗೆ ಪುಣೆಗೆ ಈ ಗಲ್ಲಿ. ಪುಸ್ತಕದ ಅಂಗಡಿಗಳ ಅಪ್ಪಾ ಬಳವಂತ ಚೌಕ ಇಲ್ಲಿಂದ ಹೆಚ್ಚು ದೂರವಿಲ್ಲ. ಪಠ್ಯಪುಸ್ತಕ ಅಲ್ಲಿ ಕೊಂಡು ಬಿಡಿಭಾಗ ಇಲ್ಲಿ ಕೊಳ್ಳುವುದು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಹಳೆಯ ರೂಢಿ. ಇಂದು ರಾಸ್ಪ್‌ಬೆರಿ ಪೈ, ಆರ್ಡುಯಿನೊ ಎಂಬ ಅಂಗೈ ಅಗಲದ ಕಂಪ್ಯೂಟರುಗಳನ್ನು ಹಿಡಿದು ಮನೆಯಲ್ಲೇ ಯಂತ್ರ ಕಟ್ಟುವ ಪುಣೆಯ ಹವ್ಯಾಸಿಗಳ ಚರಿತ್ರೆಯನ್ನು ಆ ಕಂಪ್ಯೂಟರುಗಳಿಂದ ಆರಂಭಿಸಿದರೆ ಅದು ಅರ್ಧ ಚರಿತ್ರೆ. ಅವು ಬಂದದ್ದು ಕೊನೆಗೆ. ಅವು ಬಂದಾಗ ಪುಣೆಯ ಸುತ್ತಮುತ್ತ ನೆಲ ಹದವಾಗಿತ್ತು.

ಎಲ್ಲ ಊರುಗಳಲ್ಲಿ ಆದಂತೆ ಇಲ್ಲಿಯೂ ಹವ್ಯಾಸ ಹುಟ್ಟಿದ್ದು ರೇಡಿಯೊದಿಂದ. ಆಕಾಶವಾಣಿಯ ಪುಣೆ ಕೇಂದ್ರ 1953ರ ಅಕ್ಟೋಬರ್ 2ರಂದು ಪ್ರಸಾರ ಆರಂಭಿಸಿತು. ವಾಲ್ವ್ ರೇಡಿಯೊ ಆಗ ಮನೆಯ ದೊಡ್ಡ ಆಸ್ತಿ, ಅದರ ಒಳಗೆ ಕೈ ಹಾಕುವ ಧೈರ್ಯ ರಿಪೇರಿಯವರಿಗೆ ಮಾತ್ರ ಇತ್ತು. 1960ರ ದಶಕದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಟ್ರಾನ್ಸಿಸ್ಟರ್ ತಯಾರಿಸತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ನಾಲ್ಕು ಸೆಲ್ಲಿನಲ್ಲಿ ನಡೆಯುವ, ಮುಟ್ಟಿದರೆ ಶಾಕ್ ಹೊಡೆಯದ ಸರ್ಕ್ಯೂಟನ್ನು ಹುಡುಗರೂ ಕಟ್ಟಬಹುದಾಯಿತು. ದೆಹಲಿಯಿಂದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಮಾಸಪತ್ರಿಕೆ 1969ರಲ್ಲಿ ಹೊರಟಿತು. ಭಾರತದ ಅಂಗಡಿಗಳಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಬಹುದಾದ ಸರ್ಕ್ಯೂಟುಗಳನ್ನು ಅದು ತಿಂಗಳು ತಿಂಗಳೂ ಅಚ್ಚು ಹಾಕಿದ್ದು ಸಣ್ಣ ಸೇವೆಯಲ್ಲ. ಆಮದಿಗೆ ಲೈಸೆನ್ಸ್ ಬೇಕಿದ್ದ ಕಾಲ ಅದು. ವಿದೇಶಿ ಪತ್ರಿಕೆಯ ಸರ್ಕ್ಯೂಟಿನಲ್ಲಿ ಒಂದು ಭಾಗ ಸಿಗದಿದ್ದರೆ ಇಡೀ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹಳೆಯ ಸೆಟ್ಟು ಬಿಚ್ಚಿ ಭಾಗ ಉಳಿಸಿಕೊಳ್ಳುವ ಅಭ್ಯಾಸ ಹವ್ಯಾಸಿಗಳಲ್ಲಿ ಬೇರೂರಿದ್ದು ಆಗಲೇ.

ಆದರೆ ಪುಣೆಗೆ ರೇಡಿಯೊಗಿಂತ ದೊಡ್ಡ ಪಾಠಶಾಲೆ ಇನ್ನೊಂದಿತ್ತು: ಗಣೇಶೋತ್ಸವ. 1890ರ ದಶಕದ ಆರಂಭದಲ್ಲಿ ಸಾರ್ವಜನಿಕ ರೂಪ ಪಡೆದ ಈ ಹಬ್ಬದಲ್ಲಿ ಪೇಠೆಪೇಠೆಯ ಮಂಡಳಗಳು ‘ದೇಖಾವೆ’ ಎಂಬ ದೃಶ್ಯಗಳನ್ನು ಕಟ್ಟುತ್ತವೆ. ಗೊಂಬೆಗಳು ಅಲುಗಬೇಕು, ದೀಪಗಳು ಓಡಬೇಕು, ನೋಡುವ ಜನ ಹತ್ತು ನಿಮಿಷ ನಿಲ್ಲಬೇಕು. ಓಡುವ ದೀಪಕ್ಕೆ ಹಳೆಯ ಉಪಾಯ ಯಾಂತ್ರಿಕವಾದದ್ದು: ಮೋಟಾರು ತಿರುಗಿಸುವ ಉರುಳೆಯ ಮೇಲೆ ತಾಮ್ರದ ಪಟ್ಟಿಗಳು, ಅವುಗಳಿಗೆ ತಾಗುವ ಬ್ರಷ್ಷುಗಳು. ಉರುಳೆ ತಿರುಗಿದಂತೆ ಒಂದಾದ ಮೇಲೊಂದು ಸಾಲು ಹೊತ್ತಿ ಆರುತ್ತದೆ. ಐಸಿಗಳು ಅಗ್ಗವಾದ ಮೇಲೆ ಉರುಳೆಯ ಜಾಗಕ್ಕೆ ಎರಡು ಪುಟ್ಟ ಕರಿ ಚಿಪ್ಪುಗಳು ಬಂದವು.

ಆ ಸರ್ಕ್ಯೂಟನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಕತೆಯೆಲ್ಲ ಅದರೊಳಗಿದೆ. 555 ಎಂಬ ಟೈಮರ್ ಐಸಿ ಗಡಿಯಾರದಂತೆ ಟಿಕ್ ಟಿಕ್ ಎಂದು ಮಿಡಿತ ಕೊಡುತ್ತದೆ. ಪಾಟ್ ಎಂಬ ಗುಂಡಿ ತಿರುಗಿಸಿದರೆ ಮಿಡಿತದ ವೇಗ ಹೆಚ್ಚುಕಡಿಮೆ ಆಗುತ್ತದೆ. 4017 ಎಂಬ ಎಣಿಸುವ ಐಸಿಗೆ ಹತ್ತು ಬಾಯಿ. ಪ್ರತಿ ಮಿಡಿತಕ್ಕೂ ಅದು ಒಂದು ಬಾಯಿ ಮುಚ್ಚಿ ಮುಂದಿನದನ್ನು ತೆರೆಯುತ್ತದೆ. ಬಾಯಿಗೊಂದು ಟ್ರಾನ್ಸಿಸ್ಟರ್, ಅದರಾಚೆ ಸ್ವಿಚ್ಚಿನ ಕೆಲಸ ಮಾಡುವ ರಿಲೇ ಅಥವಾ ಟ್ರಯಾಕ್, ಅದರಾಚೆ 230 ವೋಲ್ಟಿನ ಸೀರಿಯಲ್ ಸೆಟ್, ಅಂದರೆ ದೀಪದ ಸರ. ತೂತುಗಳಿರುವ ಜೀರೋ ಬೋರ್ಡಿನ ಮೇಲೆ ಬೆಸುಗೆ ಹಾಕಿದರೆ ಒಂದು ಸಂಜೆಯ ಕೆಲಸ. ಕಷ್ಟ ಇರುವುದು ವಿನ್ಯಾಸ ಬದಲಿಸುವಲ್ಲಿ. ದೀಪ ಎಡದಿಂದ ಬಲಕ್ಕೆ ಓಡುತ್ತಿದ್ದುದು ನಡುವಿನಿಂದ ಎರಡೂ ಕಡೆಗೆ ಹರಡಬೇಕು ಎಂದರೆ ಬಾಯಿಗಳನ್ನು ದೀಪಸಾಲುಗಳಿಗೆ ಜೋಡಿಸುವ ಡಯೋಡುಗಳನ್ನು ಕಿತ್ತು ಬೇರೆ ಕಡೆ ಬೆಸೆಯಬೇಕು. ದೀಪ ಹೇಗೆ ಓಡಬೇಕು ಎಂಬುದು ವೈರಿನಲ್ಲೇ ಬರೆದಿರುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಈಪ್ರಾಮ್. ನೆತ್ತಿಯ ಮೇಲೆ ಗಾಜಿನ ಕಿಟಕಿ ಇರುವ ಈ ಚಿಪ್ಪಿನೊಳಗೆ ವಿನ್ಯಾಸವನ್ನು ಅಂಕಿಗಳಾಗಿ ಬರೆದಿಟ್ಟರೆ ಎಣಿಕೆಯ ಐಸಿ ಒಂದೊಂದೇ ಸಾಲನ್ನು ಓದಿಸುತ್ತ ಹೋಗುತ್ತದೆ. ಪ್ರತಿ ಸಾಲಿನ ಎಂಟು ಬಿಟ್‌ಗಳು ಎಂಟು ದೀಪಸಾಲುಗಳಿಗೆ ಅಪ್ಪಣೆ. ಹೊಸ ವಿನ್ಯಾಸ ಬೇಕಾದರೆ ಚಿಪ್ಪನ್ನು ನೇರಳಾತೀತ ದೀಪದ ಕೆಳಗೆ ಹದಿನೈದು-ಇಪ್ಪತ್ತು ನಿಮಿಷ ಇಟ್ಟು ಹಳೆಯದನ್ನು ಅಳಿಸಿ ಹೊಸದನ್ನು ಬರೆದರಾಯಿತು, ಬೆಸುಗೆ ಬಿಚ್ಚುವ ಕೆಲಸವಿಲ್ಲ. ಹೀಗೆ ತರ್ಕ ತಂತಿಯನ್ನು ಬಿಟ್ಟು ಬರಹಕ್ಕೆ ಬಂತು. ಕಂಪ್ಯೂಟರನ್ನು ಕಣ್ಣಿನಲ್ಲಿ ಕಂಡಿರದವರೂ ಪ್ರೋಗ್ರಾಮಿನ ಮರ್ಮ ಅರಿತದ್ದು ಇಂಥ ಕೆಲಸಗಳಿಂದ. ರಾಸ್ಪ್‌ಬೆರಿ ಪೈ ಮಾಡುವುದೂ ಮೂಲದಲ್ಲಿ ಇದನ್ನೇ.

1983 ಪುಣೆಗೆ ತಿರುವಿನ ವರ್ಷ. ಮುಖ್ಯಮಂತ್ರಿ ವಸಂತದಾದಾ ಪಾಟೀಲರ ಸರ್ಕಾರ ಅನುದಾನವಿಲ್ಲದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆಯಿತು. ಅದುವರೆಗೆ ಪುಣೆಯಲ್ಲಿ ಇಂಜಿನಿಯರಿಂಗ್ ಎಂದರೆ ಮುಖ್ಯವಾಗಿ 1854ರಷ್ಟು ಹಳೆಯ ಸರ್ಕಾರಿ ಕಾಲೇಜು, ಇಂದಿನ ಸಿ.ಒ.ಇ.ಪಿ. ಆ ಒಂದೇ ವರ್ಷ ಮಹಾರಾಷ್ಟ್ರ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ವಿಶ್ವಕರ್ಮ ಇನ್‌ಸ್ಟಿಟ್ಯೂಟ್, ಪಿ.ಐ.ಸಿ.ಟಿ., ಭಾರತಿ ವಿದ್ಯಾಪೀಠದ ಕಾಲೇಜು ಹುಟ್ಟಿದವು. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಯೂ ಪ್ರಾಜೆಕ್ಟ್ ಮಾಡಲೇಬೇಕು. ಎಲೆಕ್ಟ್ರಾನಿಕ್ಸ್ ಶಾಖೆಯವರ ಪ್ರಾಜೆಕ್ಟಿಗೆ ಬಿಡಿಭಾಗ ಬೇಕೇ ಬೇಕು. ಹಬ್ಬದ ಋತುವಿನ ದೀಪದ ವ್ಯಾಪಾರದ ಜೊತೆಗೆ ಪರೀಕ್ಷೆಯ ಋತುವಿನ ಪ್ರಾಜೆಕ್ಟ್ ವ್ಯಾಪಾರ ಸೇರಿಕೊಂಡಿತು. ದುಡ್ಡು ಕೊಟ್ಟು ಸಿದ್ಧ ಪ್ರಾಜೆಕ್ಟ್ ಕೊಳ್ಳುವ ಕೆಟ್ಟ ಚಾಳಿಯೂ ಇದರ ಜೊತೆಗೇ ಬೆಳೆಯಿತು ಎನ್ನುವುದನ್ನು ಮರೆಮಾಚಬೇಕಿಲ್ಲ. ಆದರೂ ಸ್ವಂತ ಕೈಯಿಂದ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿದವರ ಸಂಖ್ಯೆ ಸಾಕಷ್ಟಿತ್ತು, ಹವ್ಯಾಸ ಉಳಿದದ್ದು ಅವರಿಂದ.

ಕಾಲೇಜಿನ ಲ್ಯಾಬಿನಲ್ಲಿ ಅವರಿಗೆ ಸಿಗುತ್ತಿದ್ದುದು 8085 ಮೈಕ್ರೋಪ್ರೊಸೆಸರಿನ ಕಿಟ್. ಪರದೆ ಇಲ್ಲ, ಆರು ಕೆಂಪು ಅಂಕಿಗಳ ಫಲಕ, ಕ್ಯಾಲ್ಕುಲೇಟರಿನಂಥ ಕೀಲಿಮಣೆ. ಒಂದು ಸಂಖ್ಯೆಯನ್ನು ಅಕ್ಯುಮುಲೇಟರ್ ಎಂಬ ಒಳಗಿನ ಗೂಡಿಗೆ ತುಂಬಬೇಕಾದರೆ 3ಇ ಎಂದು ಒತ್ತಿ ನಂತರ ಆ ಸಂಖ್ಯೆಯನ್ನು ಒತ್ತಬೇಕು, ನಿಲ್ಲಿಸಲು 76. ಐವತ್ತು-ಅರವತ್ತು ಬೈಟ್ ತುಂಬಿಸುವಷ್ಟರಲ್ಲಿ ಕರೆಂಟು ಹೋದರೆ ಮೊದಲಿನಿಂದ ಶುರು. ಹೊರಗಿನ ಲೋಕದಲ್ಲಿ ಇದೇ ಹೊತ್ತಿಗೆ ಮನೆ ಕಂಪ್ಯೂಟರಿನ ಅಲೆ ಎದ್ದಿತ್ತು. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಹೊರತಂದ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಟಿ.ವಿ.ಯನ್ನೇ ಪರದೆಯಾಗಿ, ಟೇಪ್ ರೆಕಾರ್ಡರನ್ನೇ ಡಿಸ್ಕ್ ಆಗಿ ಬಳಸುವ ಅಗ್ಗದ ಯಂತ್ರ. ಅದರ ಸ್ಪೆಕ್ಟ್ರಮ್ ಪ್ಲಸ್ ಮಾದರಿಯನ್ನು 1986ರಿಂದ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ಭಾರತದಲ್ಲಿ ಮಾರಿತು. ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆ 1984–85ರಲ್ಲಿ ಬಿ.ಬಿ.ಸಿ. ಮೈಕ್ರೊ ಕಂಪ್ಯೂಟರುಗಳನ್ನು ಆಯ್ದ ಶಾಲೆಗಳಿಗೆ ಕಳಿಸಿತು. ಮುಂದೆ ರಾಸ್ಪ್‌ಬೆರಿ ಪೈ ಕಟ್ಟಿದ ಕೇಂಬ್ರಿಜ್‌ನವರಿಗೆ ಸ್ಫೂರ್ತಿಯಾದದ್ದು ಈ ಬಿ.ಬಿ.ಸಿ. ಮೈಕ್ರೊ ಎಂಬುದು ಗಮನಿಸಬೇಕಾದ ಸಂಗತಿ.

ದೊಡ್ಡವರ ಲೋಕದಲ್ಲೂ ಪುಣೆ ಸಣ್ಣದನ್ನು ಸೇರಿಸಿ ದೊಡ್ಡದು ಮಾಡುವ ದಾರಿ ಹಿಡಿಯಿತು. ಅಮೆರಿಕ ಸೂಪರ್ ಕಂಪ್ಯೂಟರ್ ಕೊಡಲು ತಕರಾರು ತೆಗೆದ ಮೇಲೆ 1988ರಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಪುಣೆಯಲ್ಲಿ ಸ್ಥಾಪನೆಯಾಯಿತು. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಸಿದ್ಧವಾದ ‘ಪರಮ್ 8000’ರ ಒಳಗಿದ್ದುದು ಟ್ರಾನ್ಸ್‌ಪ್ಯೂಟರ್ ಎಂಬ ಸಣ್ಣ ಪ್ರೊಸೆಸರುಗಳ ಸಮೂಹ. ಇಂದು ಹವ್ಯಾಸಿಗಳು ಹತ್ತಾರು ಪೈ ಬೋರ್ಡುಗಳನ್ನು ಜೋಡಿಸಿ ಸಮಾಂತರ ಗಣನೆ ಕಲಿಯುವುದು ಇದೇ ತತ್ವದ ಮೇಲೆ.

ಈ ಚರಿತ್ರೆಯ ಅತಿ ಮುಖ್ಯ ಅಧ್ಯಾಯ ನಡೆದದ್ದು ಮಾತ್ರ ನಗರದಲ್ಲಲ್ಲ, ಪಾಬಳ ಎಂಬ ಹಳ್ಳಿಯಲ್ಲಿ. ಪುಣೆಯಿಂದ ಅರವತ್ತು-ಎಪ್ಪತ್ತು ಕಿಲೋಮೀಟರು ದೂರ, ಶಿರೂರು ತಾಲೂಕು, ಮಳೆ ಕಡಿಮೆ ಬೀಳುವ ನೆಲ. 1983ರಲ್ಲಿ, ಅಂದರೆ ನಗರದಲ್ಲಿ ಕಾಲೇಜುಗಳು ಹುಟ್ಟಿದ ವರ್ಷವೇ, ಡಾ. ಶ್ರೀನಾಥ ಕಲಬಾಗ್ ಇಲ್ಲಿ ವಿಜ್ಞಾನ ಆಶ್ರಮ ಆರಂಭಿಸಿದರು. ಕಲಬಾಗರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಕೆಲಸ ಮಾಡಿದವರು, ಬಳಿಕ ಮುಂಬಯಿಯಲ್ಲಿ ಹಿಂದೂಸ್ತಾನ್ ಲಿವರ್‌ನ ಸಂಶೋಧನಾ ಕೇಂದ್ರದಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ಅದನ್ನೆಲ್ಲ ಬಿಟ್ಟು ಹಳ್ಳಿಗೆ ಹೋದದ್ದು ಒಂದು ನಂಬಿಕೆಯ ಮೇಲೆ: ಕೈಯಲ್ಲಿ ಕೆಲಸ ಮಾಡುತ್ತ ಕಲಿತದ್ದೇ ನಿಜವಾದ ಕಲಿಕೆ, ಮತ್ತು ಶಾಲೆ ಬಿಟ್ಟ ಮಕ್ಕಳು ಕಲಿಯಲಾರದವರಲ್ಲ. ಆಶ್ರಮದ ವರ್ಷಾವಧಿಯ ವಸತಿ ಕೋರ್ಸಿನಲ್ಲಿ ವೆಲ್ಡಿಂಗ್, ಕಟ್ಟಡ, ವೈರಿಂಗ್, ಹೊಲದ ಕೆಲಸ, ಅಡುಗೆ, ಆರೋಗ್ಯ ಎಲ್ಲ ಒಟ್ಟಿಗೆ. ಹೈಸ್ಕೂಲು ಮಕ್ಕಳಿಗಾಗಿ ರೂಪಿಸಿದ ‘ಮೂಲ ತಂತ್ರಜ್ಞಾನ ಪರಿಚಯ’ ಕಾರ್ಯಕ್ರಮದಲ್ಲಿ ವಾರಕ್ಕೊಂದು ದಿನ ಕೈಗೆಲಸ.

ಅಲ್ಲಿನ ಎಲೆಕ್ಟ್ರಾನಿಕ್ಸ್ ಆಟಕ್ಕಾಗಿ ಹುಟ್ಟಿದ್ದಲ್ಲ. ಬಾವಿ ಎಲ್ಲಿ ತೋಡಬೇಕು ಎಂಬುದು ಆ ನೆಲದ ರೈತನ ಸಾಲ-ಸೋಲದ ಪ್ರಶ್ನೆ. ನೆಲದೊಳಗೆ ವಿದ್ಯುತ್ ಹರಿಸಿ ಎಷ್ಟು ತಡೆ ಬರುತ್ತದೆ ಎಂದು ಅಳೆದರೆ ನೀರಿರುವ ಪದರದ ಸುಳಿವು ಸಿಗುತ್ತದೆ. ನೀರು ತುಂಬಿದ ಬಂಡೆ ಒಣ ಬಂಡೆಗಿಂತ ಸುಲಭವಾಗಿ ವಿದ್ಯುತ್ ಹರಿಯಬಿಡುತ್ತದೆ. ನಾಲ್ಕು ಗೂಟ ನೆಟ್ಟು, ಹೊರಗಿನ ಎರಡರಿಂದ ವಿದ್ಯುತ್ ಕೊಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯುವುದು ಕ್ರಮ. ಗೂಟಗಳ ಅಂತರ ಹೆಚ್ಚಿಸಿದಂತೆ ಇನ್ನೂ ಆಳದ ಸುದ್ದಿ ಬರುತ್ತದೆ. ಈ ಸಮೀಕ್ಷೆಯ ಯಂತ್ರವನ್ನು ಕಡಿಮೆ ಖರ್ಚಿನಲ್ಲಿ ಕಟ್ಟಿ, ಹಳ್ಳಿಯ ಹುಡುಗರ ಕೈಗೆ ಕೊಟ್ಟದ್ದು ಪಾಬಳದ ಹಿರಿಮೆ. ಭೂಗರ್ಭಶಾಸ್ತ್ರ ಓದಿದ ತಜ್ಞರ ಕೆಲಸವನ್ನು ಶಾಲೆ ಬಿಟ್ಟವರು ರೈತರ ಹೊಲದಲ್ಲಿ ನಿಂತು ಮಾಡಿದರು.

2002ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ನೀಲ್ ಗರ್ಶೆನ್‌ಫೆಲ್ಡ್ ತಮ್ಮ ‘ಫ್ಯಾಬ್ ಲ್ಯಾಬ್’ ಎಂಬ ಕಲ್ಪನೆಯನ್ನು ವಿಶ್ವವಿದ್ಯಾಲಯದ ಹೊರಗೆ ಪರೀಕ್ಷಿಸಲು ಹೊರಟಾಗ ಮೊದಲ ನೆಲೆಯಾದದ್ದು ಪಾಬಳ. ಫ್ಯಾಬ್ ಲ್ಯಾಬ್ ಎಂದರೆ ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ, ಕೊರೆಯುವ ಸಣ್ಣ ಯಂತ್ರಗಳು, ಬೆಸುಗೆಯ ಮೇಜು, ಮೈಕ್ರೊಕಂಟ್ರೋಲರುಗಳು ಇರುವ, ಊರಿನವರಿಗೆ ತೆರೆದ ಕಾರ್ಯಾಗಾರ. ಸಾಮಾನ್ಯವಾಗಿ ಸರ್ಕ್ಯೂಟ್ ಬೋರ್ಡ್ ಮಾಡುವ ಹವ್ಯಾಸಿಗಳು ತಾಮ್ರದ ತಗಡಿನ ಮೇಲೆ ಪೇಂಟಿನಲ್ಲಿ ಗೆರೆ ಎಳೆದು ಫೆರಿಕ್ ಕ್ಲೋರೈಡಿನಲ್ಲಿ ಅದ್ದುತ್ತಾರೆ; ಕೈ, ಬಟ್ಟೆ, ಬಚ್ಚಲು ಎಲ್ಲ ಹಳದಿ-ಕಂದು. ಫ್ಯಾಬ್ ಲ್ಯಾಬಿನಲ್ಲಿ ಕೊರೆಯುವ ಯಂತ್ರ ಬೇಡದ ತಾಮ್ರವನ್ನು ಕೆರೆದು ತೆಗೆಯುತ್ತದೆ, ರಾಸಾಯನಿಕದ ಹಂಗಿಲ್ಲ. ಹಾಲಿನ ಗುಣಮಟ್ಟ ಅಳೆಯುವುದು, ಡೀಸೆಲ್ ಇಂಜಿನ್ನನ್ನು ಸರಿಹೊಂದಿಸುವುದು ಮುಂತಾದ ಹಳ್ಳಿಯ ಅಗತ್ಯಗಳಿಗೆ ಉಪಕರಣ ಕಟ್ಟುವ ಪ್ರಯತ್ನಗಳು ಇಲ್ಲಿ ನಡೆದವು. ಗರ್ಶೆನ್‌ಫೆಲ್ಡ್ 2005ರಲ್ಲಿ ಪ್ರಕಟಿಸಿದ ‘ಫ್ಯಾಬ್’ ಪುಸ್ತಕದಲ್ಲಿ ಪಾಬಳಕ್ಕೆ ಜಾಗವಿದೆ. ಕಲಬಾಗರು 2003ರಲ್ಲಿ ತೀರಿಕೊಂಡರು. ಆಶ್ರಮದ ಕೆಲಸ ಮುಂದುವರಿಯಿತು. ಆರ್ಡುಯಿನೊ ಹುಟ್ಟುವ ಮೂರು ವರ್ಷ ಮೊದಲು, ರಾಸ್ಪ್‌ಬೆರಿ ಪೈಗೆ ಹತ್ತು ವರ್ಷ ಮೊದಲು ಮಹಾರಾಷ್ಟ್ರದ ಒಂದು ಹಳ್ಳಿ ಈ ದಾರಿಯಲ್ಲಿತ್ತು. ತಾವೇ ಯಂತ್ರ ಕಟ್ಟುವವರ ಜಗತ್ತಿನ ‘ಮೇಕರ್’ ಚಳವಳಿಯ ಚರಿತ್ರೆಗಳಲ್ಲಿ ಪಾಬಳಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ.

ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ ಹುಟ್ಟಿತು. ಅದಕ್ಕೆ ಮುಂಚೆ ಪುಣೆಯ ಹವ್ಯಾಸಿಗಳ ಕೈಯಲ್ಲಿದ್ದುದು 8051 ಕುಲದ, ನಲವತ್ತು ಕಾಲುಗಳ 89ಸಿ51. ಒಳಗೆ ನಾಲ್ಕು ಕಿಲೋಬೈಟ್ ಸ್ಮರಣೆ. ಪ್ರೋಗ್ರಾಮನ್ನು ಅಸೆಂಬ್ಲಿಯಲ್ಲಿ ಬರೆದು, ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಪ್ರೋಗ್ರಾಮರ್ ಎಂಬ ಸಾಧನದಲ್ಲಿ ಚಿಪ್ಪು ಕೂರಿಸಿ ಸುಡಬೇಕು. ತಪ್ಪಾದರೆ ಚಿಪ್ಪು ಕಿತ್ತು ಮತ್ತೆ ಸುಡಬೇಕು. ನಾಲ್ಕೈದು ಸಲ ಕಿತ್ತು ಸಿಕ್ಕಿಸುವಾಗ ಒಂದು ಕಾಲು ಮುರಿಯುವುದು ಮಾಮೂಲು. ಆರ್ಡುಯಿನೊ ಈ ಗೋಳನ್ನು ತಪ್ಪಿಸಿತು. ಯುಎಸ್‌ಬಿ ವೈರು ಚುಚ್ಚಿ ಗುಂಡಿ ಒತ್ತಿದರೆ ಪ್ರೋಗ್ರಾಮು ಚಿಪ್ಪಿನೊಳಗೆ. ಅದರ ನಕ್ಷೆ ಎಲ್ಲರಿಗೂ ಮುಕ್ತವಾಗಿದ್ದರಿಂದ ಚೀನಾದಲ್ಲಿ ತಯಾರಾದ ನಕಲುಗಳು ಕೆಲವು ನೂರು ರೂಪಾಯಿಗೆ ಪುಣೆಯ ಅಂಗಡಿಗಳಿಗೆ ಬಂದವು. ಅಸಲಿ ಬೋರ್ಡಿನ ಬೆಲೆ ಕೊಡಲಾರದ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು ಈ ನಕಲುಗಳು.

ರಾಸ್ಪ್‌ಬೆರಿ ಪೈ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಆಗ ಬೆಲೆ 35 ಡಾಲರ್. ಆರ್ಡುಯಿನೊ ಒಂದೇ ಕೆಲಸವನ್ನು ತಪ್ಪದೆ ಮಾಡುವ ಆಳು. ಪೈ ಲಿನಕ್ಸ್ ನಡೆಸುವ ಪೂರ್ತಿ ಕಂಪ್ಯೂಟರು. ಆ ಮೊದಲ ಮಾದರಿಯಲ್ಲಿ 700 ಮೆಗಾಹರ್ಟ್ಸ್ ಪ್ರೊಸೆಸರ್, 256 ಮೆಗಾಬೈಟ್ ಸ್ಮರಣೆ, ಟಿ.ವಿ.ಗೆ ಜೋಡಣೆ, ಅಂಚಿನಲ್ಲಿ ಹೊರಗಿನ ಲೋಕಕ್ಕೆ ಕೈಚಾಚುವ 26 ಮುಳ್ಳುಗಳು. ಆ ಮುಳ್ಳುಗಳು 3.3 ವೋಲ್ಟಿನವು, 5 ವೋಲ್ಟು ಕೊಟ್ಟರೆ ಬೋರ್ಡು ಸುಡಬಹುದು. ಏರಿಳಿಯುವ ವೋಲ್ಟೇಜನ್ನು ನೇರವಾಗಿ ಅಳೆಯುವ ಶಕ್ತಿಯೂ ಅದಕ್ಕಿಲ್ಲ. 8051ರ ಗಟ್ಟಿತನಕ್ಕೆ ಒಗ್ಗಿದ್ದವರು ಇವೆರಡನ್ನೂ ನಷ್ಟ ಮಾಡಿಕೊಂಡೇ ಕಲಿಯಬೇಕಾಯಿತು. 2014ರಲ್ಲಿ ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಬಂದು, ವೈ-ಫೈ ಇರುವ ಚಿಪ್ಪು ಊಟದ ಬೆಲೆಗೆ ಸಿಗುವಂತಾಯಿತು. ಕಡಿಮೆ ಬೆಲೆಯ ಕಂಪ್ಯೂಟರಿನ ಕನಸನ್ನು ಕರ್ನಾಟಕವೂ ಕಂಡಿತ್ತು. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸಿಂಪ್ಯೂಟರ್ ರೂಪಿಸಿದ್ದರು. ಅದು ಬಳಕೆದಾರನಿಗೆ ಕೊಡುವ ಸಿದ್ಧ ಸಾಧನವಾಗಿತ್ತು. ಪೈ ಮತ್ತು ಆರ್ಡುಯಿನೊ ಬಿಚ್ಚಿಟ್ಟ ಸಾಧನಗಳು, ಗೆದ್ದದ್ದು ಆ ಗುಣದಿಂದ.

ಬಿಡಿಭಾಗದ ವ್ಯಾಪಾರವೂ ಗಲ್ಲಿ ದಾಟಿತು. ರೋಬಾಟ್, ಡ್ರೋನ್, ಪುಟ್ಟ ಕಂಪ್ಯೂಟರುಗಳ ಭಾಗಗಳನ್ನು ದೇಶದೆಲ್ಲೆಡೆ ಕಳಿಸುವ ‘ರೋಬು’ ಎಂಬ ಆನ್‌ಲೈನ್ ಅಂಗಡಿ ಪುಣೆಯದು. ಅದನ್ನು ನಡೆಸುವ ಮ್ಯಾಕ್‌ಫೋಸ್ ಕಂಪನಿಯ ಷೇರುಗಳು 2023ರಲ್ಲಿ ಮುಂಬಯಿ ಷೇರುಪೇಟೆಯ ಸಣ್ಣ ಉದ್ಯಮಗಳ ವಿಭಾಗಕ್ಕೆ ಬಂದವು. ಹವ್ಯಾಸಿಗಳ ಚಿಲ್ಲರೆ ಖರೀದಿಯನ್ನು ನಂಬಿದ ವ್ಯಾಪಾರ ಷೇರುಪೇಟೆ ತಲುಪಿದ್ದು ಸಾಧಾರಣ ಮಾತಲ್ಲ.

ವಿದ್ಯಾರ್ಥಿಗಳ ದೊಡ್ಡ ಸಾಹಸಗಳಿಗೂ ಊರು ಸಾಕ್ಷಿ. ಏಷ್ಯಾ-ಪೆಸಿಫಿಕ್ ದೇಶಗಳ ರೋಬೊಕಾನ್ ಸ್ಪರ್ಧೆ 2008ರಲ್ಲಿ ಪುಣೆಯಲ್ಲಿ ನಡೆದಾಗ ಅದರ ವಸ್ತು ‘ಗೋವಿಂದ’: ಮೊಸರು ಕುಡಿಕೆಯ ಆಟವನ್ನು ರೋಬಾಟ್‌ಗಳು ಆಡಬೇಕು. ಚೀನಾದ ಶಿಯಾನ್ ಜಿಯಾಟೊಂಗ್ ವಿಶ್ವವಿದ್ಯಾಲಯ ಗೆದ್ದಿತು. 2014ರಲ್ಲಿ ಸ್ಪರ್ಧೆ ಮತ್ತೆ ಪುಣೆಗೆ ಬಂತು. ಸಿ.ಒ.ಇ.ಪಿ. ವಿದ್ಯಾರ್ಥಿಗಳು ತಲೆಮಾರಿನಿಂದ ತಲೆಮಾರಿಗೆ ಕೈ ಬದಲಿಸುತ್ತ ಕಟ್ಟಿದ, ಸುಮಾರು ಒಂದು ಕಿಲೋ ತೂಕದ ‘ಸ್ವಯಂ’ ಉಪಗ್ರಹ 2016ರ ಜೂನ್ 22ರಂದು ಪಿಎಸ್‌ಎಲ್‌ವಿ-ಸಿ34ರಲ್ಲಿ ಮೇಲೇರಿತು. ಭೂಮಿಯ ಕಾಂತಕ್ಷೇತ್ರಕ್ಕೆ ಹೊಂದಿಕೊಂಡು ತಾನೇ ದಿಕ್ಕು ಹಿಡಿಯುವುದು ಅದರ ವಿಶೇಷ. ಅದಕ್ಕೂ ಮುಂಚೆ, 2010ರಲ್ಲಿ, ಬೆಂಗಳೂರು ಮತ್ತು ಹೈದರಾಬಾದಿನ ವಿದ್ಯಾರ್ಥಿಗಳ ‘ಸ್ಟಡ್‌ಸ್ಯಾಟ್’ ಈ ದಾರಿ ತೋರಿಸಿತ್ತು.

ಶಾಲಾ ಮಕ್ಕಳಿಗೂ ಇಂಥ ಕೈಗೆಲಸ ತಲುಪಲೆಂದು 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆಯ್ದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಿದೆ. ಹಣದಿಂದ ಪೆಟ್ಟಿಗೆ ತುಂಬುವುದು ಸುಲಭ. ಪೆಟ್ಟಿಗೆ ತೆರೆದು ಮಕ್ಕಳ ಕೈಗೆ ಬೆಸುಗೆ ಕಡ್ಡಿ ಕೊಡುವ ಮೇಷ್ಟ್ರು ಸಿಗುವುದು ಕಷ್ಟ. ಇಂಥ ಲ್ಯಾಬಿನ ಕೆಲಸ ಎಂಥದಿರಬೇಕು ಎಂಬುದಕ್ಕೆ ಕೋಳಿ ಮರಿ ಮಾಡುವ ಪೆಟ್ಟಿಗೆ ಒಳ್ಳೆಯ ಮಾದರಿ. ಥರ್ಮೊಕೋಲಿನ ಪೆಟ್ಟಿಗೆ, ಬಲ್ಬು, ಪುಟ್ಟ ಫ್ಯಾನು, ಬಟ್ಟಲಲ್ಲಿ ನೀರು, ಉಷ್ಣತೆ ಅಳೆಯುವ ಸೆನ್ಸರ್, ರಿಲೇ, ಒಂದು ಆರ್ಡುಯಿನೊ. ಒಳಗೆ 37.5 ಡಿಗ್ರಿ ಸೆಲ್ಸಿಯಸ್ 21 ದಿನ ಕದಲದಂತೆ ಇರಬೇಕು, ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸಬೇಕು. ಅತಿ ಅಗ್ಗದ ಡಿಎಚ್‌ಟಿ11 ಸೆನ್ಸರಿಗೆ ಎರಡು ಡಿಗ್ರಿಯಷ್ಟು ಏರುಪೇರು ಇರಬಹುದು; ಮೊಟ್ಟೆಗೆ ಅದು ಸಾವು-ಬದುಕಿನ ಅಂತರ. ಅರ್ಧ ಡಿಗ್ರಿಯೊಳಗೆ ನಿಲ್ಲುವ ಡಿಎಸ್18ಬಿ20 ಬೇಕು. ಮರಿ ಹೊರಬಂದರೆ ಸರ್ಕ್ಯೂಟು ಸರಿ, ಬಾರದಿದ್ದರೆ ತಪ್ಪು.

ಗಣಪತಿಯ ದೀಪವೂ ಪುಟ್ಟ ಕಂಪ್ಯೂಟರಿನ ವಶಕ್ಕೆ ಬಂದಿದೆ. ಪ್ರತಿ ಎಲ್‌ಇಡಿಯೊಳಗೆ ಒಂದೊಂದು ಚಿಪ್ಪಿರುವ ಪಿಕ್ಸೆಲ್ ಸರಗಳಲ್ಲಿ ಮೂರೇ ವೈರಿನಿಂದ ನೂರು ದೀಪಗಳಿಗೆ ಬೇರೆ ಬೇರೆ ಬಣ್ಣ ಹೇಳಬಹುದು. ವಿನ್ಯಾಸ ಬದಲಿಸಲು ಫೋನು ಸಾಕು. 555, 4017, ಈಪ್ರಾಮ್‌ಗಳಲ್ಲಿ ಮಂಡಳಗಳ ದೀಪ ಓಡಿಸಿದ ತಲೆಮಾರಿಗೆ ಈಗ ವಯಸ್ಸಾಗಿದೆ, ಅವರು ಬೆಸೆದ ಬೋರ್ಡುಗಳು ಗುಜರಿಗೆ ಹೋಗುತ್ತಿವೆ. ತಪಕೀರ್ ಗಲ್ಲಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವಿದೆ. ಮನೆಮನೆಯ ದೀಪ, ಅಡಕತ್ತರಿ, ಬೀಗದಂಥ ದಿನಬಳಕೆಯ ವಸ್ತುಗಳನ್ನು ಅದು ಪ್ರೀತಿಯಿಂದ ಕಾಪಾಡಿದೆ. ಕೈಯಿಂದ ಬೆಸೆದ ಗಣಪತಿ ದೀಪದ ಒಂದು ಬೋರ್ಡು, ಅದನ್ನು ಕಟ್ಟಿದವರ ನೋಟ್‌ಬುಕ್ಕಿನ ಜೊತೆಗೆ, ಅಲ್ಲಿ ಸೇರಬೇಕು. ಮನೆಯ ಅಟ್ಟದ ಮೇಲೆ ಅಂಥದ್ದು ಇಟ್ಟುಕೊಂಡಿರುವವರು ಅದನ್ನು ತೂಕಕ್ಕೆ ಮಾರದಿರಲಿ.